ಮನೆಶುಶ್ರೂಷಕರ ರುಗ್ಣತಾ ರಜೆ

ಪರರ ಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡಿ ಹೊಟ್ಟೆ ಹೊರೆಯುವವರು ತಾವೇ ಹಾಸಿಗೆ ಹಿಡಿದ ದಿನ ಅವರಿಗೆ ಸಂಬಳ ಸಲ್ಲಬೇಕೇ, ಬೇಡವೇ? ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಶಾಸನಸಭೆಯವರು ಎರಡು ವರ್ಷಗಳ ಅಂತರದಲ್ಲಿ ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟರು. 2014ರಲ್ಲಿ ಬೇಡವೆಂದರು, 2016ರಲ್ಲಿ ಬೇಕೆಂದರು. ಮೊದಲನೆಯ ಉತ್ತರ ಹೇಗೆ ಹುಟ್ಟಿತು, ಎರಡನೆಯದು ಎಷ್ಟರಮಟ್ಟಿಗೆ ಸಾರ್ಥಕವಾಯಿತು ಎಂಬುದು ನಮ್ಮವರೂ ವಿಚಾರಿಸತಕ್ಕ ವಿಷಯವಾಗಿದೆ.

ಆ ಸಂಸ್ಥಾನದಲ್ಲಿ ಇನ್-ಹೋಮ್ ಸಪೋರ್ಟಿವ್ ಸರ್ವಿಸಸ್ ಎಂಬ ಸರಕಾರಿ ಏರ್ಪಾಡೊಂದಿದೆ. ಬಡವರಾದ ವೃದ್ಧರೂ ಅಂಧರೂ ಅಂಗವಿಕಲರೂ ಅನಾಥರಂತೆ ಯಾವುದೋ ಆಶ್ರಮವನ್ನು ಸೇರದೆ ತಮ್ಮ ಮನೆಯಲ್ಲಿಯೇ ಉಳಿಯಬೇಕೆಂಬುದು ಅದರ ಉದ್ದೇಶ. ಅವರಿಗೆ ಸ್ನಾನ ಮಾಡಿಸಿ, ಅಡಿಗೆ ಮಾಡಿ ಉಣಿಸಿ, ಬಟ್ಟೆ ಒಗೆದು, ವೈದ್ಯರಲ್ಲಿಗೆ ಕರೆದೊಯ್ಯುವ ಶುಶ್ರೂಷಕರ ಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿದೆ. ಇವರ ಯಜಮಾನರಾರು? ನೇಮಿಸಿಕೊಳ್ಳುವವನೂ ತೆಗೆದುಹಾಕುವವನೂ ರೋಗಿ. ಇಷ್ಟು ಗಂಟೆಯ ಸೇವೆ ಸಾಕೆಂದು ಮಂಜೂರು ಮಾಡುವವರು ಕೌಂಟಿಯ ಅಧಿಕಾರಿಗಳು. ಸಂಬಳ ಬರುವುದು ಸರಕಾರದ ಬೊಕ್ಕಸದಿಂದ. ಕೆಲಸ ಹೇಳುವುದಕ್ಕೆ ಮೂವರು ಯಜಮಾನರು, ಹೊಣೆ ಹೊರುವಾಗ ಒಬ್ಬನೂ ಇಲ್ಲ!

2014ರ ಸೆಪ್ಟೆಂಬರಿನಲ್ಲಿ ಗವರ್ನರ್ ಜೆರಿ ಬ್ರೌನರು ಅಂಕಿತ ಹಾಕಿದ ಶಾಸನವು 1915ರದಲ್ಲ, ನಮ್ಮ ಕಾಲದ್ದೇ. ಮೂವತ್ತು ಗಂಟೆ ದುಡಿದವನಿಗೆ ಒಂದು ಗಂಟೆಯಂತೆ, ವರ್ಷಕ್ಕೆ 24 ಗಂಟೆ ಅಥವಾ ಮೂರು ದಿನಗಳ ಸಂಬಳಸಹಿತ ರುಗ್ಣತಾ ರಜೆಯನ್ನು ಅದು ವಿಧಿಸಿತು. 2015ರ ಜುಲೈ 1ರಿಂದ ಜಾರಿಗೆ ಬಂದಿತು. ಅಂಗಡಿಯ ಗುಮಾಸ್ತನಿಗೂ ಹೋಟೆಲಿನ ಮಾಣಿಗೂ ಹಕ್ಕು ದೊರೆಯಿತು. ಆದರೆ ಸರಕಾರದ ಹಣದಿಂದಲೇ ಸಂಬಳ ಪಡೆಯುವ ಈ ಮನೆಶುಶ್ರೂಷಕರನ್ನು ಕೊನೆಯ ಗಳಿಗೆಯಲ್ಲಿ ಹೊರಗಿಡಲಾಯಿತು. ಕಾರಣ, ವೆಚ್ಚ. ಅನ್ಯರ ಕಿಸೆಯಿಂದ ಕೊಡಿಸುವಾಗ ಉದಾರಿಯಾದ ಸರಕಾರವು ತನ್ನ ಕಿಸೆಗೆ ಕೈ ಹಾಕುವ ಹೊತ್ತಿಗೆ ಮಿತವ್ಯಯಿಯಾಯಿತು. ಇದನ್ನು ಕಂಡು ಮಸೂದೆಯನ್ನು ಮೊದಲು ಎತ್ತಿಹಿಡಿದಿದ್ದ ಕಾರ್ಮಿಕ ಸಂಘಗಳೇ ಬೆಂಬಲವನ್ನು ಹಿಂದೆಗೆದುಕೊಂಡವು.

ರಜೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಇವರಿಗೆ ಎಂಬುದನ್ನು ಶಾಸನಕರ್ತರು ಗಮನಿಸಲಿಲ್ಲ. ಗುಮಾಸ್ತನು ನೆಗಡಿಯಿಂದ ಕಚೇರಿಗೆ ಹೋದರೆ ಪಕ್ಕದವನು ಎರಡು ದಿನ ಸೀನಿಯಾನು. ಶುಶ್ರೂಷಕಿಯು ಜ್ವರದಿಂದ ಹೋಗಿ ಎಂಬತ್ತರ ಮುದುಕನನ್ನು ಎತ್ತಿ ಕೂರಿಸಿದರೆ ಅದು ಅವನ ಪ್ರಾಣಕ್ಕೇ ಬರಬಹುದು. ಹೋಗದಿದ್ದರೆ ಇವಳ ಮನೆಯಲ್ಲಿ ಅಂದಿನ ಗಂಜಿಗೆ ಕೊರತೆ. ಹೋಗುವವಳನ್ನು ದೂರುವುದು ನ್ಯಾಯವಲ್ಲ.

ಈ ತಿರಸ್ಕಾರಕ್ಕೆ ಹಳೆಯ ಬೇರುಗಳಿವೆ. ಅಮೆರಿಕದ ಕೇಂದ್ರ ಸರಕಾರದ 1938ರ ಕೂಲಿಯ ಶಾಸನವು ಮನೆಗೆಲಸದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1974ರಲ್ಲಿ ಅವರನ್ನು ಒಳಗೆ ತಂದಾಗಲೂ ವೃದ್ಧರಿಗೆ 'ಸಂಗಾತಿ'ಗಳಾಗಿ ಇರುವವರನ್ನು ಬಿಟ್ಟರು. ಸಂಗಾತಿಯೆಂದರೆ ಹತ್ತಿರ ಕುಳಿತು ಮಾತನಾಡುವವರೆಂಬ ಭಾವನೆ. ಮಲಮೂತ್ರ ತೆಗೆಯುವವರೂ ಇದೇ ಹೆಸರಿನೊಳಗೆ ಸೇರಿಹೋದರು. ಜಮೈಕಾದಿಂದ ಬಂದು ನ್ಯೂಯಾರ್ಕಿನಲ್ಲಿ ಇದೇ ಕೆಲಸ ಮಾಡಿದ್ದ ಒಬ್ಬ ಸ್ತ್ರೀಯು ಹೆಚ್ಚುವರಿ ಗಂಟೆಗಳ ಕೂಲಿಗಾಗಿ ಹೂಡಿದ ದಾವೆ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. 2007ರಲ್ಲಿ ನ್ಯಾಯಮೂರ್ತಿ ಬ್ರೇಯರರು ಬರೆದ ಸರ್ವಾನುಮತದ ತೀರ್ಪು ಆಕೆಗೆ ವಿರುದ್ಧವಾಯಿತು. ಆಕೆ 2009ರಲ್ಲಿ ತೀರಿಕೊಂಡಳು. 2013ರಲ್ಲಿ ಕಾರ್ಮಿಕ ಇಲಾಖೆಯವರು ನಿಯಮವನ್ನು ತಿದ್ದಿ ಆಕೆಯಂಥವರನ್ನು ಒಳಗೆ ಸೇರಿಸಿದರು. ಅದೇ ಇಲಾಖೆಯವರು 2025ರ ಜುಲೈಯಲ್ಲಿ ಆ ತಿದ್ದುಪಡಿಯನ್ನು ರದ್ದುಗೊಳಿಸುವ ಕರಡನ್ನು ಪ್ರಕಟಿಸಿದರು. ರುಗ್ಣತಾ ರಜೆಗಂತೂ ಆ ದೇಶದಲ್ಲಿ ಖಾಸಗಿ ನೌಕರರೆಲ್ಲರಿಗೂ ಅನ್ವಯಿಸುವ ಕೇಂದ್ರ ಶಾಸನವೇ ಇಲ್ಲ. 1993ರ ಶಾಸನವು ಕೊಡುವ ಹನ್ನೆರಡು ವಾರಗಳ ರಜೆ ಸಂಬಳವಿಲ್ಲದ್ದು.

2016ರ ಶಾಸನಕ್ಕೆ ಬರೋಣ. 2018ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದ ಶುಶ್ರೂಷಕರಿಗೂ ರಜೆ ಸಿಕ್ಕಿತು. ಎಷ್ಟು? ವರ್ಷಕ್ಕೆ ಎಂಟು ಗಂಟೆ. ಕನಿಷ್ಠ ಕೂಲಿಯು 13 ಡಾಲರಿಗೆ ಏರಿದ ಮೇಲೆ 16 ಗಂಟೆ, 15 ಡಾಲರಿಗೆ ಏರಿದ ಮೇಲೆ 24 ಗಂಟೆ ಎಂದು ಮೆಟ್ಟಿಲು ಕಟ್ಟಿದರು. ಇತರರಿಗೆ 2015ರಲ್ಲಿ ದೊರೆತದ್ದು ಇವರಿಗೆ ದೊರೆತದ್ದು 2022ರಲ್ಲಿ. ಈ ಹಕ್ಕಾದರೂ ಕೆಲಸಕ್ಕೆ ಸೇರಿದಂದೇ ಬರತಕ್ಕದ್ದಲ್ಲ. ಮೊದಲು ನೂರು ಗಂಟೆ ದುಡಿದು ರಜೆಯನ್ನು ಗಳಿಸಬೇಕು. ಅನಂತರ ಇನ್ನೂ ಇನ್ನೂರು ಗಂಟೆ ದುಡಿದಿರಬೇಕು, ಇಲ್ಲವೇ ಅರವತ್ತು ದಿನ ಕಾದಿರಬೇಕು. ಜ್ವರವೂ ಅಷ್ಟು ದಿನ ತಾಳಿಕೊಂಡಿರಬೇಕು!

ರಜೆ ಕೊಟ್ಟರೆ ಆ ದಿನ ರೋಗಿಯನ್ನು ನೋಡುವವರಾರು ಎಂಬುದೇ ನಿಜವಾದ ತೊಡಕು. ಈ ಶುಶ್ರೂಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೋಗಿಯ ಬಂಧುಗಳೇ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಚಳಿಜ್ವರ ಬಂದಿತೆನ್ನಿ. ರಜೆಯ ಅರ್ಜಿಯನ್ನು ತುಂಬಿ ಕಳುಹಿಸಿ ಅವಳು ಎಲ್ಲಿಗೆ ಹೋಗಬೇಕು? ಪಕ್ಕದ ಕೋಣೆಗೆ. ತಾಯಿ ಕೂಗಿದೊಡನೆ ಕಂಬಳಿ ಹೊದ್ದುಕೊಂಡೇ ಎದ್ದು ಬರುತ್ತಾಳೆ. ಸಂಬಳ ಸಂದಿತು, ವಿಶ್ರಾಂತಿ ಸಲ್ಲಲಿಲ್ಲ. 2022ರ ಅಕ್ಟೋಬರಿನಿಂದ ಆ ಸಂಸ್ಥಾನದವರು ಬದಲಿ ಶುಶ್ರೂಷಕರ ಏರ್ಪಾಡೊಂದನ್ನು ಸ್ಥಿರಪಡಿಸಿದ್ದಾರೆ. ಬದಲಿಗೆ ಬಂದವರಿಗೆ ಗಂಟೆಗೆ ಎರಡು ಡಾಲರ್ ಹೆಚ್ಚು ಕೂಲಿ. ನಮ್ಮ ಅಭಿಪ್ರಾಯದಲ್ಲಿ 2016ರ ಶಾಸನಕ್ಕಿಂತ ಇದು ಹೆಚ್ಚು ಬುದ್ಧಿವಂತಿಕೆಯ ಕೆಲಸ.

ಮನೆಯೊಳಗೆ ಮೇಲ್ವಿಚಾರಕನಿಲ್ಲ, ಸುಳ್ಳು ಕಾಯಿಲೆಯನ್ನು ಕಂಡುಹಿಡಿಯುವವರಾರು ಎಂದು ಕೆಲವರು ಆಕ್ಷೇಪಿಸುತ್ತಾರೆ. ನಮ್ಮ ವಾಚಕರಲ್ಲಿ ಸರಕಾರಿ ಹುದ್ದೆಯಲ್ಲಿರುವ ಮಹನೀಯರು ಅನೇಕರಿದ್ದಾರೆ. ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿ ಪರಿವರ್ತಿತ ರಜೆ ಪಡೆದ ಸಹೋದ್ಯೋಗಿಗಳೆಲ್ಲರೂ ಆಗ ಮಲಗಿಯೇ ಇದ್ದರೇ ಎಂಬುದನ್ನು ಅವರೇ ಬಲ್ಲರು. ಆ ಕಾರಣಕ್ಕಾಗಿ ರಜೆಯ ನಿಯಮವನ್ನೇ ಕಿತ್ತುಹಾಕಿರೆಂದು ಯಾರೂ ಕೇಳಲಿಲ್ಲ.

ನಮ್ಮ ಪಟ್ಟಣಗಳಲ್ಲಿಯೂ 'ಹೋಮ್ ನರ್ಸ್' ಎಂಬ ಹೆಸರಿನಿಂದ ಹುಡುಗಿಯರನ್ನು ಕಳುಹಿಸಿಕೊಡುವ ಏಜೆನ್ಸಿಗಳು ಬೆಳೆದಿವೆ. ಮಕ್ಕಳು ದೂರದೇಶದಲ್ಲಿರುವ ಮನೆಗಳಲ್ಲಿ ಹಗಲಿರುಳು ಇರುವವರು ಇವರೇ. 1948ರ ಕಾರ್ಮಿಕ ರಾಜ್ಯ ವಿಮಾ ಶಾಸನವು ಕಾರ್ಖಾನೆಯ ಕಾರ್ಮಿಕನಿಗೆ ಕಾಯಿಲೆಯ ಕಾಲದ ಭತ್ಯವನ್ನು ಕೊಟ್ಟಿತು; ಒಂಟಿ ಮನೆಯಲ್ಲಿ ದುಡಿಯುವವಳನ್ನು ಅದು ಕಾಣಲಿಲ್ಲ. ಮನೆಗೆಲಸದವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಗೆ ಭಾರತವು ಮತ ಕೊಟ್ಟಿತು, ಸ್ಥಿರೀಕರಣ ಮಾಡಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಈ ಏಜೆನ್ಸಿಗಳ ಕರಾರುಪತ್ರಗಳನ್ನು ತರಿಸಿ ನೋಡಬೇಕು. ಕಮಿಷನ್ ಎಷ್ಟೆಂಬುದು ಅವುಗಳಲ್ಲಿ ಸ್ಪಷ್ಟವಾಗಿರುವುದೆಂದು ಊಹಿಸಬಹುದು. ಶುಶ್ರೂಷಕಿಯೇ ಮಲಗಿದ ದಿನದ ಸಂಬಳವೇನು, ಬದಲಿಗೆ ಯಾರನ್ನು ಕಳುಹಿಸಬೇಕು ಎಂಬ ಕಲಮುಗಳಿವೆಯೇ ಎಂದು ಮೊದಲು ಹುಡುಕಲಿ.