ಕಾಫಿ ಬಿಟ್ಟರೆ ತಲೆನೋವು ಏಕೆ?

ಏಕಾದಶಿಯಂದು ನಿಟ್ಟುಪವಾಸ ಮಾಡುವ ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. ಹಸಿವಿಗೆ ಹೀಗಾಗಿದೆ ಎಂದು ಮನೆಯವರು ಮರುಗುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಉಪವಾಸದ್ದಲ್ಲ, ಅಂದು ಕುಡಿಯದೆ ಬಿಟ್ಟ ಕಾಫಿಯದು! ದಿನವೂ ಕಾಫಿ ಕುಡಿಯುವವರು ಅದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ತಲೆನೋವು ಶುರುವಾಗುತ್ತದೆ. ದಶಮಿಯ ಸಂಜೆ ಕೊನೆಯ ಲೋಟ ಕುಡಿದಿದ್ದರೆ ಲೆಕ್ಕ ಸರಿಯಾಗಿ ಏಕಾದಶಿಯ ಮಧ್ಯಾಹ್ನಕ್ಕೇ ಬಂದು ನಿಲ್ಲುತ್ತದೆ.

ಕಾಫಿಯಲ್ಲಿ ಅಂಥದ್ದೇನಿದೆ? ಈ ಪ್ರಶ್ನೆ ಜರ್ಮನಿಯ ಮಹಾಕವಿ ಗಯಟೆಯನ್ನೂ ಕಾಡಿತ್ತು. 1819ರಲ್ಲಿ ಆತ ರುಂಗೆ ಎಂಬ ತರುಣ ರಸಾಯನ ವಿಜ್ಞಾನಿಗೆ ಕಾಫಿ ಬೀಜಗಳನ್ನು ಕೊಟ್ಟು ಪರೀಕ್ಷಿಸಲು ಹೇಳಿದ. ರುಂಗೆ ಅದರಿಂದ ಬೇರ್ಪಡಿಸಿದ ವಸ್ತುವೇ ಕೆಫೀನ್.

ಕಾಫಿ ಶಕ್ತಿ ಕೊಡುತ್ತದೆ ಎಂಬುದು ನಮ್ಮ ನಂಬಿಕೆ. ನಿಜವಾಗಿ ಅದು ಮಾಡುವುದು ದಣಿವನ್ನು ಮರೆಮಾಚುವ ಕೆಲಸ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಇರುವ ಜಾಗಗಳಲ್ಲಿ ಅದು ಬಂದು ಕೂತಾಗ ನಮಗೆ ತೂಕಡಿಕೆ. ಅದರಂತೆಯೇ ರಚನೆಯುಳ್ಳ ಕೆಫೀನ್, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರಂತೆ ಮೊದಲೇ ಆ ಜಾಗ ಆಕ್ರಮಿಸಿಬಿಡುತ್ತದೆ. ಅಡಿನೋಸಿನ್ ನಿಂತೇ ಇರುತ್ತದೆ. ಕೆಫೀನ್ ಇಳಿದು ಹೋದ ಕೂಡಲೇ ಅದು ಕೂರುತ್ತದೆ. ಅಡಗಿದ್ದ ಆಯಾಸವೆಲ್ಲ ಒಮ್ಮೆಗೇ ಹೊರಬೀಳುತ್ತದೆ.

ದಿನವೂ ಹೀಗೇ ನಡೆದರೆ ಮಿದುಳು ಇದಕ್ಕೆ ಹೊಂದಿಕೊಳ್ಳುತ್ತದೆ. ಹಾಗಾಗಿ ಕಾಫಿ ತಪ್ಪಿದ ದಿನ ಅಡಿನೋಸಿನ್‌ನ ಪ್ರಭಾವ ಮಾಮೂಲಿಗಿಂತ ಜೋರು. ಅಲ್ಲದೆ ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಅದಿಲ್ಲದಾಗ ಅವು ಹಿಗ್ಗುವುದೂ ತಲೆನೋವಿಗೆ ಒಂದು ಕಾರಣ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಸೇರಿಸುವುದೇಕೆಂದು ಈಗ ತಿಳಿಯಿತಲ್ಲವೆ?

ರಾತ್ರಿ ಊಟದ ನಂತರ ಕಾಫಿ ಕುಡಿದೂ ಗೊರಕೆ ಹೊಡೆಯುವವರಿದ್ದಾರೆ, ಸಂಜೆ ಕುಡಿದರೆ ಮಧ್ಯರಾತ್ರಿಯವರೆಗೆ ಹೊರಳಾಡುವವರೂ ಇದ್ದಾರೆ. ಕೆಫೀನನ್ನು ಕರಗಿಸುವ ಯಕೃತ್ತಿನ ಸಾಮರ್ಥ್ಯ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ದೇಹದಲ್ಲಿರುತ್ತದೆ! ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಇದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದಲೇ ಅವರು ಮಿತಿಯಲ್ಲಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಮಾತ್ರ ಕೆಫೀನ್ ಬೇಗ ಇಳಿಯುತ್ತದೆ. ಧೂಮಪಾನ ಬಿಟ್ಟವರು ಹಿಂದಿನಷ್ಟೇ ಕಾಫಿ ಕುಡಿದರೆ ಚಡಪಡಿಕೆ ಹೆಚ್ಚುವುದು ಹೀಗೆ.

ಪುಡಿಯ ಗುಣವನ್ನೂ ಗಮನಿಸಬೇಕು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸರಿಸುಮಾರು ಇಮ್ಮಡಿ ಕೆಫೀನ್ ಇದೆ. ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ.

ನಿದ್ದೆಗೆಡಿಸುವುದು ಕಾಫಿಯ ಹುಟ್ಟುಗುಣ. 15ನೇ ಶತಮಾನದಲ್ಲಿ ಯೆಮನ್‌ನ ಸೂಫಿಗಳು ಅದನ್ನು ಕುಡಿಯುತ್ತಿದ್ದುದೇ ರಾತ್ರಿಯ ಪ್ರಾರ್ಥನೆಗೆ ಎಚ್ಚರವಾಗಿರಲು. ಆ ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿಯಿರುವ ಬಾಬಾ ಬುಡನ್ ಕೂಡ ಸೂಫಿ ಸಂತರೇ.

ಹಾಗೆಂದು ಕಾಫಿಗೆ ಹೆದರಬೇಕಿಲ್ಲ. ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಬಹುದೆಂದು 1991ರಲ್ಲಿ ಅದರ ಮೇಲೆ ಹೊರಿಸಿದ್ದ ಸಂಶಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕೈಬಿಟ್ಟಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲವೆಂದು ಎಚ್ಚರಿಸಿತು. ಹಬೆಯಾಡುವ ಲೋಟವನ್ನು ಕೊಂಚ ಆರಲು ಬಿಡುವುದು ಲೇಸು.

ಮುಂದಿನ ಏಕಾದಶಿಗೆ ಉಪವಾಸ ಮಾಡುವವರು ನಾಲ್ಕಾರು ದಿನ ಮೊದಲೇ ಒಂದೊಂದು ಗುಟುಕು ಕಡಿಮೆ ಮಾಡುತ್ತಾ ಬನ್ನಿ. ತಲೆನೋವಿನ ಕಾಟ ತಗ್ಗೀತು. ಉಪವಾಸಕ್ಕೆ ಕೆಟ್ಟ ಹೆಸರೂ ತಪ್ಪೀತು.