ಪೋಸ್ಟ್ ಡಬ್ಬಿಯ ಮೇಲೆ ಎರಡು ಹೆಸರು

ನಾವಿಬ್ಬರೂ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿಳಿದದ್ದು ನವೆಂಬರ್‌ನ ಒಂದು ಶನಿವಾರ ರಾತ್ರಿ. ಜೊತೆಗೆ ಮೂರು ಸೂಟ್‌ಕೇಸ್, ಒಂದು ಕುಕ್ಕರ್, ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಅಮ್ಮನ ಹುಳಿಪುಡಿ. "ಬೆಳಿಗ್ಗೆ ಎದ್ದು ಹಾಲು, ತರಕಾರಿ ತಂದರಾಯ್ತು" ಅಂದುಕೊಂಡು ಮಲಗಿದೆವು.

ಬೆಳಿಗ್ಗೆ ಹೊರಗೆ ಬಂದರೆ ಬಂದ್ ದಿನದ ಬೆಂಗಳೂರಿನ ಹಾಗೆ ಇಡೀ ಬೀದಿ ಬಿಕೋ ಅಂತಿತ್ತು. ಇಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿರಬೇಕು ಅನ್ನೋದು ಕಾನೂನು. ದೊಡ್ಡ ರೈಲ್ವೆ ಸ್ಟೇಷನ್‌ನ ಅಂಗಡಿಗಳು, ಕೆಲವು ಬೇಕರಿಗಳು ಮಾತ್ರ ತೆಗೆದಿರುತ್ತವೆ. ಅದೆಲ್ಲ ನಮಗೆಲ್ಲಿ ಗೊತ್ತು? ಅವತ್ತು ಹಾಲಿಲ್ಲದ ಕಾಫಿ ಕುಡಿದು, ಎರಡು ಹೊತ್ತೂ ಅವಲಕ್ಕಿ ತಿಂದೆವು. ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಇವರು ಕಿಟಕಿ ಹತ್ತಿರ ನಿಂತು, "ಇಷ್ಟ ಲಗೂ ರಾತ್ರಿ ಆದ್ರ ಮುಂದ ಏನ್ ಮಾಡೂದು?" ಅಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನಾನು ಹಾಸನದವಳು. ಕಾರಿನೊಳಗಿನ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಬ್ಲೂ ಕಾರ್ಡ್ ವೀಸಾ ಸಿಕ್ಕಿದ್ದು ನನಗೆ. ಇವರು ಧಾರವಾಡದವರು, ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದರು. ರಾಜೀನಾಮೆ ಕೊಟ್ಟು ನನ್ನ ಜೊತೆ ಬಂದರು. "ಹೆಂಡ್ತಿ ಬೆನ್ನು ಹತ್ತಿ ಹೋದ" ಅಂತ ನೆಂಟರು ಆಡಿಕೊಂಡದ್ದು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು. ನಾವಿಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ.

ಅಡುಗೆಮನೆ ಇಲ್ಲದ ಮನೆ

ಮೊದಲ ತಿಂಗಳು ಕಂಪನಿ ಕೊಟ್ಟ ತಾತ್ಕಾಲಿಕ ಮನೆ. ಆಮೇಲೆ ಬಾಡಿಗೆ ಮನೆ ಹುಡುಕಾಟ. ಇಲ್ಲಿ ಬಾಡಿಗೆಯಲ್ಲಿ 'ತಣ್ಣಗಿನದು', 'ಬಿಸಿಯದು' ಅಂತ ಎರಡು ಲೆಕ್ಕ. ಬರೀ ಮನೆಗೆ ಕೊಡೋದು ತಣ್ಣಗಿನ ಬಾಡಿಗೆ. ಹೀಟರ್, ನೀರು, ಕಸದ ಖರ್ಚೆಲ್ಲ ಸೇರಿದರೆ ಬಿಸಿ ಬಾಡಿಗೆ. ಅಡ್ವಾನ್ಸ್ ಮಾತ್ರ ಗರಿಷ್ಠ ಮೂರು ತಿಂಗಳ ತಣ್ಣಗಿನ ಬಾಡಿಗೆಯಷ್ಟೇ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿದ್ದ ನನಗೆ ಇದು ಹಬ್ಬದ ಹಾಗಿತ್ತು.

ಸಿಕ್ಕ ಮನೆಯ ಅಡುಗೆಮನೆಗೆ ಕಾಲಿಟ್ಟರೆ ಗೋಡೆಯಲ್ಲಿ ಎರಡು ಪೈಪು, ಒಂದಿಷ್ಟು ವೈರು, ಅಷ್ಟೇ! ಸಿಂಕ್, ಸ್ಟೌ, ಕಪಾಟು ಯಾವುದೂ ಇಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿದ್ದರು. ಇಲ್ಲಿ ಅದು ಮಾಮೂಲಂತೆ. ಸೆಕೆಂಡ್ ಹ್ಯಾಂಡ್ ಅಡುಗೆಮನೆ ಕೊಂಡು, ಅಳತೆ ಹಿಡಿದು, ಡ್ರಿಲ್ ಮಾಡಿ ಜೋಡಿಸಿದ್ದು ಇವರೇ. ಆ ಒಂದು ವಾರ ಇವರ ಮುಖದಲ್ಲಿ ಹುಬ್ಬಳ್ಳಿಯ ಸೈಟಿನ ಕಳೆ ಇತ್ತು. ಕೆಲಸ ಮುಗಿದ ಮೇಲೆ ಅದೂ ಹೋಯಿತು.

ನಾನು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರೋದು ಸಂಜೆ ಆರಕ್ಕೆ. ಇವರು ಮನೆಯಲ್ಲಿ ಒಬ್ಬರೇ. ಬ್ಲೂ ಕಾರ್ಡ್ ಇದ್ದವರ ಗಂಡನಿಗೋ ಹೆಂಡತಿಗೋ ಇಲ್ಲಿ ಕೆಲಸ ಮಾಡಲು ಅನುಮತಿ ಉಂಟು. ಆದರೆ ಕಟ್ಟಡದ ಕೆಲಸಕ್ಕೆ ಜರ್ಮನ್ ಇಲ್ಲದೆ ಯಾರೂ ಕರೆಯಲ್ಲ. ಅತ್ತೆ ವಿಡಿಯೋ ಕಾಲ್‌ನಲ್ಲಿ ದಿನಾ ಕೇಳೋರು, "ಕೆಲಸ ಸಿಕ್ತೇನಪಾ?" ಇವರು, "ನೆಟ್‌ವರ್ಕ್ ಸರಿ ಇಲ್ಲವ್ವಾ" ಅನ್ನೋರು.

ಹಿಂತಿರುಗಿ ಹೋದ ಪತ್ರ

ಈ ದೇಶ ನಡೆಯೋದು ಇವತ್ತಿಗೂ ಅಂಚೆಯ ಮೇಲೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುತ್ತದೆ. ಬ್ಯಾಂಕ್, ಇನ್ಶೂರೆನ್ಸ್, ವೀಸಾ ಎಲ್ಲದಕ್ಕೂ ಪತ್ರ.

ನಮ್ಮದು ಬೇರೆ ಬೇರೆ ಸರ್‌ನೇಮ್. ನನ್ನ ಹೆಸರಿನ ಮುಂದೆ ಅಪ್ಪನ ಹೆಸರು, ಅವರದಕ್ಕೆ ಮನೆತನದ ಹೆಸರು. ಕರಾರು ನನ್ನ ಹೆಸರಲ್ಲಿದ್ದದ್ದರಿಂದ ಕೆಳಗಿನ ಪೋಸ್ಟ್ ಡಬ್ಬಿಯ ಮೇಲೆ ನನ್ನ ಹೆಸರಷ್ಟೇ ಇತ್ತು. ಅದನ್ನು ನಾನು ಗಮನಿಸಲೇ ಇಲ್ಲ.

ಜನವರಿ ಬಂತು. ಇವರ ವೀಸಾ ಮುಗಿಯಲು ಎರಡು ವಾರವಷ್ಟೇ ಇತ್ತು. ವಾಸದ ಪರವಾನಗಿಗೆ ಅರ್ಜಿ ಹಾಕಿದ್ದೆವು, ಉತ್ತರವೇ ಇಲ್ಲ. ವಿಚಾರಿಸಿದರೆ, ಪತ್ರ ಕಳಿಸಿ ಆಗಿದೆ, ಅಪಾಯಿಂಟ್‌ಮೆಂಟ್ ದಿನ ದಾಟಿ ಹೋಗಿದೆ! ಡಬ್ಬಿಯ ಮೇಲೆ ಹೆಸರಿಲ್ಲ ಅಂತ ಪೋಸ್ಟ್‌ಮ್ಯಾನ್ ವಾಪಸ್ ಕಳಿಸಿದ್ದ. ಅವನ ತಪ್ಪಲ್ಲ, ಕಚೇರಿಯ ತಪ್ಪೂ ಅಲ್ಲ. ತಪ್ಪು ನಮ್ಮದು. ನಿಜ ಹೇಳಬೇಕಂದ್ರೆ, ನನ್ನದು.

ಅವತ್ತು ರಾತ್ರಿ ಮದುವೆಯಾದ ಮೇಲೆ ಮೊದಲ ಸಲ ಇವರು ದನಿ ಏರಿಸಿದರು. "ಅಲ್ಲೆ ಸೈಟ್‌ನಾಗ ನಲವತ್ತು ಮಂದಿ ನನ್ನ ಮಾತು ಕೇಳ್ತಿದ್ರು. ಇಲ್ಲೆ ಹಾಲು ಬೇಕಂದ್ರೂ ಬೆರಳು ತೋರಸಬೇಕು. ಮನಿ ಬಾಗಿಲಿನ್ಯಾಗೂ ನನ್ನ ಹೆಸರಿಲ್ಲ. ನಾ ಇಲ್ಲೆ ಯಾರು, ಹೇಳು?" ನಾನು, "ನನಗೂ ಇಲ್ಲಿ ಯಾರಿದ್ದಾರೆ?" ಅಂತ ಕೂಗಿದೆ. ಆಮೇಲೆ ಇಬ್ಬರೂ ಅತ್ತೆವು.

ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಒಂದು ಚೀಟಿಯಲ್ಲಿ ಇವರ ಹೆಸರು ದೊಡ್ಡದಾಗಿ ಬರೆದು ಡಬ್ಬಿಗೆ ಸೆಲ್ಲೋ ಟೇಪ್ ಹಾಕಿ ಅಂಟಿಸಿದ್ದು. ಅರ್ಜಿ ವೀಸಾ ಮುಗಿಯುವ ಮೊದಲೇ ಸಲ್ಲಿಕೆಯಾಗಿದ್ದರಿಂದ ಬಚಾವಾದೆವು. ಕಾರ್ಡ್ ಬರೋ ತನಕ ಇಲ್ಲೇ ಇರಬಹುದು ಅನ್ನೋ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟರು.

ಹೆಸರು ಅಂಟಿಸಿದ ಮೇಲೆ ಇವರ ಹೆಸರಿಗೆ ಬಂದ ಮೊದಲ ಪತ್ರ ಯಾವುದು ಗೊತ್ತಾ? ಟಿವಿ-ರೇಡಿಯೋ ಶುಲ್ಕದ ನೋಟಿಸ್. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಇವರು ಅದನ್ನು ಎರಡೆರಡು ಸಲ ಓದಿ, "ನನ್ನ ಹೆಸರು ಸರಿ ಬರದಾರ ನೋಡು" ಅಂದರು. ಬಿಲ್ಲು ನೋಡಿ ಖುಷಿಪಟ್ಟ ಗಂಡಸನ್ನು ನಾನು ಕಂಡದ್ದು ಅದೇ ಮೊದಲು.

ಪೊರಕೆ ಕಲಿಸಿದ ಭಾಷೆ

ನಮ್ಮ ಬಾಗಿಲಿಗೆ ಒಂದು ದಿನ ಒಂದು ಸಣ್ಣ ಬೋರ್ಡು ತೂಗುಹಾಕಿತ್ತು. ಅದು 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ಈ ಕಡೆಯ ಹಳೇ ಪದ್ಧತಿ. ಸರದಿ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಮುಂದಿನ ಫುಟ್‌ಪಾತ್ ಗುಡಿಸಬೇಕು. ನಾವು ಸುಮ್ಮನಿದ್ದೆವು. ಶನಿವಾರ ಮೇಲಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಇವರು ಪೊರಕೆ ಹಿಡಿದು ಇಳಿದೇಬಿಟ್ಟರು. ಅಂಗಳ ಗುಡಿಸದೆ ಚಹಾ ಕೊಡದ ತಾಯಿಯ ಮಗ ಅವರು!

ಅಜ್ಜಿಗೆ ಇಂಗ್ಲಿಷ್ ಬರಲ್ಲ, ಇವರಿಗೆ ಜರ್ಮನ್ ಬರಲ್ಲ. ಪೊರಕೆ ತೋರಿಸಿ "ಬೇಸನ್", ಮೆಟ್ಟಿಲು ತೋರಿಸಿ "ಟ್ರೆಪ್ಪೆ" ಅಂತ ಪಾಠ ಶುರು. ಒಂದು ದಿನ ಅವರು ತಟ್ಟೆ ತುಂಬ ಬಿಸ್ಕತ್ತು ಕೊಟ್ಟರು. ಖಾಲಿ ತಟ್ಟೆ ವಾಪಸ್ ಕೊಡಬಾರದಲ್ಲ? ಇಲ್ಲಿನ ಅಂಗಡಿಯಲ್ಲಿ 'ಗ್ರೀಸ್' ಅನ್ನೋ ಹೆಸರಲ್ಲಿ ಸಿಗೋ ರವೆಯಲ್ಲಿ ಕೇಸರಿಬಾತ್ ಮಾಡಿ ತುಂಬಿ ಕೊಟ್ಟೆವು. ಆ ತಟ್ಟೆ ಇವತ್ತಿಗೂ ಮೇಲೆ ಕೆಳಗೆ ಓಡಾಡ್ತಾನೇ ಇದೆ.

ಫೆಬ್ರವರಿಯಿಂದ ಇವರು ಸರ್ಕಾರದ ಭಾಷಾ ತರಗತಿಗೆ ಸೇರಿದರು. 600 ಪಾಠ ಭಾಷೆಗೆ, 100 ಪಾಠ ಈ ದೇಶದ ಚರಿತ್ರೆ, ಕಾನೂನುಗಳಿಗೆ. ಮಾರ್ಚ್‌ನಲ್ಲಿ ಒಂದು ಭಾನುವಾರ ರೈಲಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗನ್‌ಗೆ ಹೋದೆವು. ಕನ್ನಡ-ಇಂಗ್ಲಿಷ್ ನಿಘಂಟು ಬರೆದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲಿ. 1853ರಲ್ಲಿ ನಮ್ಮ ಕಡೆ ಬಂದಾಗ ಆತನಿಗೆ ಇಪ್ಪತ್ತೊಂದು ವರ್ಷ. ಸುಮಾರು 70,000 ಪದಗಳ ಆ ನಿಘಂಟು ಅಚ್ಚಾದದ್ದು 1894ರಲ್ಲಿ. ಇವರು ಓದಿದ್ದು ಧಾರವಾಡದ ಕಿಟೆಲ್ ಕಾಲೇಜಿನಲ್ಲಿ. ನೆಕ್ಕಾರ್ ನದಿ ಪಕ್ಕ ಕೂತು ಹೇಳಿದರು, "ಅಂವಾ ನಮ್ಮ ಭಾಷಾಕ್ಕ ಡಿಕ್ಷನರಿ ಬರದಾನ. ನನಗ ಇವರ ದೆರ್-ದಿ-ದಾಸ್ ಬರೂದಿಲ್ಲೇನು?"

ಹೊಸದಾಗಿ ಬರುವವರಿಗೆ

ನಾವು ಪೆಟ್ಟು ತಿಂದು ಕಲಿತದ್ದು ಇಷ್ಟು. ಕೀ ಸಿಕ್ಕ ದಿನವೇ ಬಾಗಿಲಿಗೂ ಪೋಸ್ಟ್ ಡಬ್ಬಿಗೂ ಇಬ್ಬರ ಹೆಸರೂ ಹಾಕಿಸಿ. ಒಬ್ಬರಿಗಷ್ಟೇ ಸಂಬಳವಿದ್ದರೆ ತೆರಿಗೆಯ ಮೂರು-ಐದು ವರ್ಗಕ್ಕೆ ಅರ್ಜಿ ಹಾಕಿ, ಅದು ತಾನಾಗಿ ಆಗಲ್ಲ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಸಂಗಾತಿಗೆ ಬೇರೆ ಕಂತಿಲ್ಲ, ಹೆಸರು ಸೇರಿಸುವುದು ಮರೀಬೇಡಿ. ಜೊತೆಗೆ ಬರುವವರು ಊರಲ್ಲಿದ್ದಾಗಲೇ ಜರ್ಮನ್ ಶುರು ಮಾಡಲಿ. ಶನಿವಾರವೇ ಹಾಲು ತಂದಿಡಿ!

ಕೆಲಸಕ್ಕೆ ಬಂದವರಿಗೆ ಆಫೀಸು, ಸಹೋದ್ಯೋಗಿಗಳು, ಒಂದು ಗುರುತು ಎಲ್ಲ ತಾನಾಗಿ ಸಿಗುತ್ತದೆ. ಜೊತೆಗೆ ಬಂದವರು ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಳ್ಳಬೇಕು. ಸಂಜೆ ಮನೆಗೆ ಬಂದಾಗ "ಇವತ್ತು ಏನಾಯ್ತು?" ಅಂತ ಮೊದಲು ಅವರನ್ನು ಕೇಳಿ. ಇದನ್ನು ಕಲಿಯೋಕೆ ನನಗೆ ಮೂರು ತಿಂಗಳು ಬೇಕಾಯ್ತು.

ಇವರ ಬಿ1 ಪರೀಕ್ಷೆ ಪಾಸಾಗಿದೆ, ಈಗ ಬಿ2 ತರಗತಿ ನಡೀತಿದೆ. ಕೆಲಸ ಇನ್ನೂ ಸಿಕ್ಕಿಲ್ಲ. ಹೋದ ವಾರ ಒಂದು ಕಡೆಯಿಂದ ಸಂದರ್ಶನಕ್ಕೆ ಪತ್ರ ಬಂದಿದೆ, ಅಂಚೆಯಲ್ಲೇ. ಸಂಜೆ ಅತ್ತೆ ಫೋನ್ ಮಾಡಿ ಎಂದಿನ ಪ್ರಶ್ನೆ ಕೇಳಿದರು. ಈ ಸಲ ಇವರು ನೆಟ್‌ವರ್ಕ್ ನೆಪ ಹೇಳಲಿಲ್ಲ. "ಇನ್ನೂ ಇಲ್ಲವ್ವಾ, ಹೊಂಟೇನಿ" ಅಂದರು.