ಕೇಳಿ ನೋಡುವ ಕಂಪ್ಯೂಟರ್

“ಡಾಕ್ಟರ್ ಸಾಹೇಬ್ರ, ಕಂಪ್ಯೂಟರ್ ಅಂದ್ರ ನೋಡೂ ಯಂತ್ರ. ಹುಟ್ಟಾ ಕಣ್ಣ ಕಾಣದ ಹುಡುಗಿಗೆ ಅದನ್ನ ಕಲಿಸಿ ಏನ್ ಮಾಡೂದ್ರಿ?”

ಮುರಗೋಡದ ಕಡೆಯ ರೈತರೊಬ್ಬರ ಪ್ರಶ್ನೆ ಇದು. ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ. ಮುಂದೆ ಓದಿಸುವುದು ಬೇಡವೆಂದು ಮನೆಯಲ್ಲಿ ಮಾತು ನಡೆದಿದೆ. ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ ಹೇಳಿದಳು: “ಅಪ್ಪಾ, ನೀ ಸಾರಿನ ರುಚಿ ನೋಡಂಗಿಲ್ಲೇನು? ಹಂಗ ನಾ ಕೇಳಿ ನೋಡ್ತೀನಿ.”

ನಿಜವೇ. ನಮ್ಮ ಭಾಷೆಯಲ್ಲಿ ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ. 1985ರಲ್ಲಿ ಅಮೆರಿಕದ ಸಂಶೋಧಕಿಯರಾದ ಬಾರ್ಬರಾ ಲ್ಯಾಂಡೌ ಮತ್ತು ಲೀಲಾ ಗ್ಲೈಟ್‌ಮನ್ ಪ್ರಕಟಿಸಿದ ಪುಸ್ತಕದಲ್ಲಿಯೂ ಇಂಥದೇ ಸಂಗತಿಯಿದೆ. “ಮೇಲೆ ನೋಡು” ಎಂದಾಗ ಅಂಧ ಪುಟ್ಟ ಹುಡುಗಿ ತಲೆ ಎತ್ತಲಿಲ್ಲ, ಕೈಗಳನ್ನು ಎತ್ತಿದಳು. ನೋಡುವುದೆಂದರೆ ಅವಳಿಗೆ ಕೈಯಿಂದ ತಿಳಿಯುವುದು.

ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವುದು ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಿಂದ ಬೆಳೆಸಿದ ಎನ್‌ವಿಡಿಎ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಧ್ವನಿ ಯಾಂತ್ರಿಕ, ನಮಗೆ ಕರ್ಕಶವೆನಿಸಿದರೂ ರೂಢಿಯಾದವರು ಅದನ್ನು ವೇಗವಾಗಿ ಓಡಿಸುತ್ತಾರೆ. ನುರಿತ ಅಂಧರು ಸೆಕೆಂಡಿಗೆ ಸುಮಾರು 22 ಉಚ್ಚಾರಾಂಶಗಳವರೆಗೆ ಗ್ರಹಿಸಬಲ್ಲರೆಂದು ಜರ್ಮನಿಯ ಅಧ್ಯಯನಗಳು ಹೇಳುತ್ತವೆ. ನಾವು ಎಂಟರ ಆಸುಪಾಸಿಗೇ ಸುಸ್ತು!

ಹಾಗಾದರೆ ಪರದೆಯ ‘ರೂಪ’ ಅವರಿಗೆ ಹೇಗೆ ತಿಳಿಯುತ್ತದೆ? ನಮಗೆ ಇಡೀ ಪುಟ ಒಮ್ಮೆಲೇ ಕಾಣುತ್ತದೆ. ಅವರಿಗೆ ಅದು ಜಪಮಾಲೆಯ ಮಣಿಗಳಂತೆ ಒಂದಾದ ಮೇಲೊಂದು ಬರುತ್ತದೆ. ದಪ್ಪಕ್ಷರವೆಂಬುದು ಕಣ್ಣಿಗೆ ಶೀರ್ಷಿಕೆ. ಕಿವಿಗೆ ಮಾತ್ರ, ಬರೆದವರು ಅದನ್ನು ಶೀರ್ಷಿಕೆಯೆಂದು ಗುರುತು ಮಾಡಿದ್ದರಷ್ಟೇ ಶೀರ್ಷಿಕೆ. ಆಗ ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಹುದು. ಮೊಬೈಲಿನದು ಬೇರೆ ಬಗೆ. ಗಾಜಿನ ಮೇಲೆ ಬೆರಳಾಡಿಸಿದಂತೆ ಅಲ್ಲಲ್ಲಿ ಇರುವುದನ್ನು ಅದು ಹೇಳುವುದರಿಂದ ‘ಬಲಗಡೆ ಮೇಲಿನ ಮೂಲೆ’ ಬೆರಳಿಗೇ ನೆನಪಿರುತ್ತದೆ.

ಇನ್ನು ಬಣ್ಣ. ಯಲ್ಲಮ್ಮನ ಗುಡ್ಡದ ಭಂಡಾರದ ಕಂಪಿನಿಂದ ‘ಹಳದಿ’ ಎಂಬ ಮಾತು ಈ ಹುಡುಗಿಗೆ ಚೆನ್ನಾಗಿ ಗೊತ್ತು. ಆದರೆ “ಕೆಂಪು ಬಣ್ಣದ ಜಾಗಗಳನ್ನು ಕಡ್ಡಾಯವಾಗಿ ತುಂಬಿ” ಎಂಬ ಅರ್ಜಿಯಲ್ಲಿ ಅವಳು ಸಿಕ್ಕಿಬೀಳುತ್ತಾಳೆ. ‘ಕಡ್ಡಾಯ’ ಎಂಬ ಪದವನ್ನು ಅಲ್ಲಿಯೇ ಬರೆದಿದ್ದರೆ ತೊಂದರೆಯಿರಲಿಲ್ಲ.

ಕನ್ನಡ ಓದುವವರಿಗೆ ಇನ್ನೊಂದು ತೊಡಕಿದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಪರದೆಯ ಮೇಲೆ ಅಂದವಾದ ಕನ್ನಡ. ಯಂತ್ರ ಓದುವುದು ಮಾತ್ರ ಅರ್ಥವಿಲ್ಲದ ಗಳಗಳ. ಒಂದೇ ಸುತ್ತೋಲೆಯನ್ನು ಇಬ್ಬರು ನೌಕರರಿಗೆ ಕೊಟ್ಟರೆ ಒಬ್ಬರು ಓದುತ್ತಾರೆ, ಮತ್ತೊಬ್ಬರು ಸುಮ್ಮನೆ ಕೂರುತ್ತಾರೆ. ದೋಷ ಕಣ್ಣಿನದಲ್ಲ.

ಈಗ ವೈದ್ಯನಾಗಿ ನನ್ನ ಮಾತು. ಅಂಗವೈಕಲ್ಯ ಪ್ರಮಾಣಪತ್ರವಿರುವ ಎಲ್ಲರಿಗೂ ಪೂರ್ತಿ ಕತ್ತಲೆಯೇ ಇರುವುದಿಲ್ಲ. ಅಳಿದುಳಿದ ದೃಷ್ಟಿಯನ್ನು ನೇತ್ರತಜ್ಞರಲ್ಲಿ ಅಳೆಸಿರಿ. ಕೆಲವರಿಗೆ ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆಯೇ ಸಾಕಾಗಬಹುದು. ಕೂಸಿನ ಪಾಪೆಯಲ್ಲಿ ಬಿಳುಪು ಕಂಡರಂತೂ ಒಂದು ದಿನವೂ ತಡಮಾಡಬೇಡಿ. ಅದು ಹುಟ್ಟುಪೊರೆ ಇರಬಹುದು, ಕಣ್ಣಿನ ಗಂತಿಯೂ ಇರಬಹುದು. ಹಾಗೆಯೇ ಕಿವಿಯನ್ನು ಕಾಪಾಡಿ. ಕಿವಿ ಸೋರುವುದನ್ನು ಎಣ್ಣೆ ಬಿಟ್ಟು ಮುಂದೂಡುವುದು ಯಾರಿಗೂ ತರವಲ್ಲ, ಕಿವಿಯಿಂದಲೇ ಓದುವ ಮಗುವಿಗಂತೂ ಸಲ್ಲದು. ಇಯರ್‌ಫೋನಿನ ದನಿ 80 ಡೆಸಿಬೆಲ್ ಇದ್ದರೆ ವಾರಕ್ಕೆ 40 ಗಂಟೆ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದನಿ ಏರಿದಂತೆ ಗಂಟೆಗಳು ಇಳಿಯಬೇಕು. ಬೇಕಾದರೆ ವೇಗ ಹೆಚ್ಚಿಸಿಕೊಳ್ಳಲಿ, ದನಿಯನ್ನಲ್ಲ.

ಹೊರಡುವಾಗ ಹುಡುಗಿ ಒಂದು ದೂರು ಹೇಳಿದಳು. ಸೋದರಮಾವನ ಮಗಳ ಲಗ್ನಪತ್ರಿಕೆ ಫೋನಿಗೆ ಫೋಟೊ ಆಗಿ ಬಂದಿತ್ತು. ಫೋನು ‘ಚಿತ್ರ’ ಎಂದಷ್ಟೇ ಹೇಳಿತು. ಚಿತ್ರವನ್ನು ವಿವರಿಸುವ ಆ್ಯಪ್‌ಗಳು ಈಗ ಬಂದಿವೆ, ಆದರೆ ತಪ್ಪುವುದೂ ಉಂಟು. ಫೋಟೊದ ಕೆಳಗೆ ಯಾರ ಲಗ್ನ, ಎಂದು, ಎಲ್ಲಿ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

“ಮಾವಗ ನಾನs ಹೇಳ್ತೀನಿ ತಗೋ,” ಎಂದರು ತಂದೆ. ಬಾಗಿಲ ತನಕ ಹೋದವರು ತಿರುಗಿ ಬಂದು, ಆ ಉಚಿತ ತಂತ್ರಾಂಶದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡರು.